ದೂರದ ಹಕ್ಕಿ ನುಣ್ಣಗೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದ ನಮ್ಮ ಹಿರಿಯರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೆ ಬೆಟ್ಟದ ಜಾಗದಲ್ಲಿ ಹಕ್ಕಿಯನ್ನು ಕೂರಿಸುತ್ತಿದ್ದರೋ ಏನೋ! ಈಗ ಬೆಳಗಾದರೆ ಸಾಕು, ಮೊಬೈಲಿಗೆ ‘ಶುಭೋದಯ’ದ ಜೊತೆಗೆ ಒಂದು ಮಿಂಚುಳ್ಳಿ ಬಂದು ಕೂರುತ್ತದೆ. ಮದುವೆ ಮನೆಗೆ ಹೋದರೆ ಯಾರದೋ ಮಗ, ಯಾರದೋ ಅಳಿಯ, ಮೊನ್ನೆ ರಂಗನತಿಟ್ಟಿನಲ್ಲಿ ತೆಗೆದ ಕೊಕ್ಕರೆಯನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ತೋರಿಸುತ್ತಾರೆ. ಊರಿನಲ್ಲಿ ಛಾಯಾಚಿತ್ರ ಪ್ರದರ್ಶನ ಏರ್ಪಟ್ಟರೆ ಅರ್ಧ ಗೋಡೆ ಹಕ್ಕಿಗಳಿಗೇ ಮೀಸಲು. ಎಲ್ಲ ಹಕ್ಕಿಗಳೂ ಚೌಕಟ್ಟಿನ ತುಂಬ, ಎಲ್ಲದರ ಹಿಂದೆಯೂ ಇಸ್ತ್ರಿ ಮಾಡಿದ ಹಸಿರು ಪರದೆ. ನೋಡುವವರು ಹೇಳುವ ಮಾತೂ ಒಂದೇ: “ಅಬ್ಬಾ, ಎಷ್ಟು ಹತ್ತಿರದಿಂದ ತೆಗೆದಿದ್ದಾರೆ!”

ನಿಜವಾಗಿ ಅವುಗಳಲ್ಲಿ ಮುಕ್ಕಾಲು ಪಾಲು ದೂರದಿಂದ ತೆಗೆದವು. ದೂರದಿಂದ ತೆಗೆದದ್ದನ್ನು ಹತ್ತಿರದ್ದೆಂದು ತೋರಿಸುವುದೇ ಉದ್ದ ಲೆನ್ಸಿನ ಕೆಲಸ. ಆ ಕೆಲಸದಲ್ಲಿ ಅದು ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಎಂದು ಯಾರೂ ಲೆಕ್ಕ ಇಟ್ಟಂತೆ ಕಾಣುವುದಿಲ್ಲ. ಕಥೆಗೆ, ಕವಿತೆಗೆ, ಸಿನಿಮಾಕ್ಕೆ ವಿಮರ್ಶೆ ಇರುವಾಗ ದಿನಕ್ಕೆ ಹತ್ತು ಬಾರಿ ಕಣ್ಣಿಗೆ ಬೀಳುವ ಈ ಚಿತ್ರಗಳಿಗೆ ಯಾಕಿರಬಾರದು? ನಾನು ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುವವಳು. ಕೆಲವು ವರ್ಷಗಳಿಂದ ನನ್ನ ಬಳಿಯೂ ಉದ್ದ ಮೂತಿಯ ಒಂದು ಸಣ್ಣ ಕ್ಯಾಮೆರಾ ಇದೆ. ಈ ಎರಡು ಅರ್ಹತೆಗಳ ಮೇಲೆ ಈ ಮಾತು ಬರೆಯುತ್ತಿದ್ದೇನೆ.

ಮೊದಲು ಯಂತ್ರದ ಒಳಗುಟ್ಟು ನೋಡೋಣ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಊಟದ ಬಿಡುವಿನಲ್ಲಿ ಡಬ್ಬಿ ಮುಂದಿಟ್ಟುಕೊಂಡು ನನಗೆ ಬಿಡಿಸಿ ಹೇಳಿದ್ದು ಇದು. ಫಿಲ್ಮಿನ ಕಾಲದಲ್ಲಿ ನಮ್ಮ ಮನೆಯ ಆಲ್ಬಮ್ಮುಗಳ ಹೆಚ್ಚಿನ ಚಿತ್ರಗಳು ಮೂಡುತ್ತಿದ್ದ ಫಿಲ್ಮಿನ ತುಂಡು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಹೆಚ್ಚುಕಡಿಮೆ ಒಂದು ಅಂಚೆಚೀಟಿ. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವುದು ಸೆನ್ಸರ್. ದುಬಾರಿ ಕ್ಯಾಮೆರಾಗಳಲ್ಲಿ ಅದು ಈಗಲೂ ಅಂಚೆಚೀಟಿಯಷ್ಟೇ ಇರುತ್ತದೆ. ನಮ್ಮಂಥವರು ಕೊಳ್ಳುವ ಉದ್ದ ಜೂಮಿನ ಕ್ಯಾಮೆರಾಗಳಲ್ಲಿ ಅದರ ಅಳತೆ ಸುಮಾರು 6.2 ಮಿ.ಮೀ.ಗೆ 4.6 ಮಿ.ಮೀ. ಅಂದರೆ ಒಂದು ತೊಗರಿಬೇಳೆ! ಒಂದು ಅಂಚೆಚೀಟಿಯ ಜಾಗದಲ್ಲಿ ಇಂಥ ಮೂವತ್ತು ಬೇಳೆ ಹಿಡಿಸುತ್ತವೆ.

ಈಗ ಜಾಹೀರಾತಿನ ದೊಡ್ಡ ಸಂಖ್ಯೆಗೆ ಬನ್ನಿ. 2015ರಲ್ಲಿ ನಿಕಾನ್ ಕಂಪನಿ ಪಿ 900 ಎಂಬ ಕ್ಯಾಮೆರಾ ಹೊರತಂದಿತು. 83 ಪಟ್ಟು ಜೂಮ್, 2000 ಮಿಲಿಮೀಟರ್ ಲೆನ್ಸಿಗೆ ಸಮಾನ ಎಂದು ಜಗತ್ತೆಲ್ಲ ಬೆರಗಾಯಿತು. ಅದರ ಲೆನ್ಸಿನ ನಿಜವಾದ ಸಂಗಮ ದೂರ 357 ಮಿಲಿಮೀಟರ್. 2018ರಲ್ಲಿ ಅದರ ಅಕ್ಕನಂತೆ ಬಂದ ಪಿ 1000 ಕ್ಯಾಮೆರಾದ್ದು 3000ಕ್ಕೆ ಸಮಾನ. ನಿಜ ಅಳತೆ 539. ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಸೆನ್ಸರ್ ಚಿಕ್ಕದಾದ್ದರಿಂದ ಬಂತು. ದೊಡ್ಡ ಚಪಾತಿಯ ನಡುವಿನಿಂದ ಬಾಟಲಿ ಮುಚ್ಚಳದಲ್ಲಿ ಒಂದು ಬಿಲ್ಲೆ ಕತ್ತರಿಸಿ, ಅದನ್ನೇ ತಟ್ಟೆ ತುಂಬ ಹಿಗ್ಗಿಸಿ ಬಡಿಸಿದ ಹಾಗೆ. ಇದರಲ್ಲಿ ಮೋಸವಿಲ್ಲ. ‘ಸಮಾನ’ ಎಂಬ ಪದ ಪಕ್ಕದಲ್ಲೇ ಇರುತ್ತದೆ. ಆದರೆ ಯಾವುದರಲ್ಲಿ ಸಮಾನ ಎಂದು ಕೇಳಬೇಕಾದವರು ನಾವು. ಹಕ್ಕಿ ಚೌಕಟ್ಟಿನಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಲ್ಲಿ ಸಮಾನ. ಎಷ್ಟು ಬೆಳಕು ಒಳಗೆ ಬರುತ್ತದೆ ಎಂಬುದರಲ್ಲಿ ಸಮಾನವಲ್ಲ.

ಬೆಳಕನ್ನು ಮಳೆ ಎಂದುಕೊಳ್ಳಿ, ಲೆನ್ಸನ್ನು ಅಂಗಳದಲ್ಲಿಟ್ಟ ಪಾತ್ರೆ ಎಂದುಕೊಳ್ಳಿ. ಪಾತ್ರೆಯ ಬಾಯಿ ಎಷ್ಟು ಅಗಲವೋ ಅಷ್ಟು ನೀರು. ಪಿ 900ರ ಜೂಮನ್ನು ಪೂರ್ತಿ ಚಾಚಿದಾಗ ಬೆಳಕು ಬರುವ ಬಾಯಿ ಸುಮಾರು 55 ಮಿಲಿಮೀಟರ್. ಒಂದು ಕಾಫಿ ಲೋಟ. ವೃತ್ತಿಪರರು ಹೆಗಲ ಮೇಲೆ ಹೊತ್ತು ತಿರುಗುವ 600 ಮಿಲಿಮೀಟರಿನ ದೊಡ್ಡ ಲೆನ್ಸಿನ ಬಾಯಿ 150 ಮಿಲಿಮೀಟರ್. ಒಂದು ತಿಂಡಿ ತಟ್ಟೆ. ಲೆಕ್ಕ ಹಾಕಿದರೆ ತಟ್ಟೆಗೆ ಬೀಳುವುದು ಲೋಟಕ್ಕೆ ಬೀಳುವುದರ ಏಳು ಪಟ್ಟಿಗೂ ಹೆಚ್ಚು. ಧೋ ಎಂದು ಮಳೆ ಸುರಿಯುವಾಗ ಲೋಟವೂ ತುಂಬುತ್ತದೆ. ಅದಕ್ಕೇ ಬೆಳಗಿನ ಎಂಟು ಗಂಟೆಯ ಹೊಂಬಿಸಿಲಿನಲ್ಲಿ ಸಣ್ಣ ಕ್ಯಾಮೆರಾದ ಚಿತ್ರ ಚೆನ್ನಾಗಿಯೇ ಬರುತ್ತದೆ. ಮೋಡ ಕವಿದ ಸಂಜೆಯಲ್ಲಿ, ಮರದ ನೆರಳಿನಲ್ಲಿ, ತುಂತುರು ಮಳೆಯೆಂದರೆ ಲೋಟದ ತಳವೂ ಒದ್ದೆಯಾಗುವುದಿಲ್ಲ.

ಆಗ ಕ್ಯಾಮೆರಾ ಏನು ಮಾಡುತ್ತದೆ? ಸಿಕ್ಕ ಚೂರುಪಾರು ಬೆಳಕನ್ನೇ ಹೆಚ್ಚಿಸಿ ತೋರಿಸುತ್ತದೆ. ಹೆಚ್ಚಿಸಿದಾಗ ಚಿತ್ರದ ತುಂಬ ರವೆ ಚೆಲ್ಲಿದಂತೆ ಚುಕ್ಕೆಗಳು ಏಳುತ್ತವೆ. ಆ ರವೆಯನ್ನು ಒರೆಸಲು ಯಂತ್ರ ತಾನಾಗಿಯೇ ಚಿತ್ರವನ್ನು ಸವರುತ್ತದೆ. ಸವರುವಾಗ ಯಾವುದು ರವೆ, ಯಾವುದು ಗರಿಯ ಎಳೆ ಎಂದು ಅದಕ್ಕೆ ಸರಿಯಾಗಿ ತಿಳಿಯದು. ಎರಡೂ ಹೋಗುತ್ತವೆ. ಸಾಲದ್ದಕ್ಕೆ, ಸಣ್ಣ ಬಾಯಿಯಲ್ಲಿ ತೂರಿ ಬಂದ ಬೆಳಕು ಸ್ವಲ್ಪ ಹರಡಿಕೊಳ್ಳುವುದು ಅದರ ಸ್ವಭಾವ. ತೊಗರಿಬೇಳೆಯಷ್ಟು ಜಾಗದಲ್ಲಿ ಕೋಟಿಗೂ ಮಿಕ್ಕಿ ಚುಕ್ಕೆಮನೆಗಳನ್ನು ಕಿಕ್ಕಿರಿಸಿದಾಗ ಒಂದು ಮನೆಯ ಬೆಳಕು ಪಕ್ಕದ ಮನೆಗೂ ಚೆಲ್ಲುತ್ತದೆ. ಮಧ್ಯಾಹ್ನವಾದರೆ ಕಾದ ನೆಲದಿಂದ ಏಳುವ ಬಿಸಿಗಾಳಿ ದೂರದ ಹಕ್ಕಿಯನ್ನು ಬಾಣಲೆಯ ಮೇಲಿನ ಗಾಳಿಯಂತೆ ನಡುಗಿಸುತ್ತದೆ. ಇದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ. ಇಷ್ಟೆಲ್ಲ ಆದಮೇಲೆ ಪರದೆಯ ಮೇಲೆ ಬರುವುದು ಮೇಣದಲ್ಲಿ ಎರಕ ಹೊಯ್ದಂಥ ಮಿಂಚುಳ್ಳಿ. ನೀಲಿ ಇದೆ, ಕೊಕ್ಕಿದೆ, ಕಣ್ಣಿದೆ, ಗರಿ ಇಲ್ಲ. ದೂರದ ಹಕ್ಕಿ ನುಣ್ಣಗೆ ಎಂದದ್ದು ಇದಕ್ಕೆ.

ಇಷ್ಟು ಹೇಳಿದ್ದರಿಂದ ನಾನು ಸಣ್ಣ ಕ್ಯಾಮೆರಾದ ಮೇಲೆ ದೂರು ಕೊಡಲು ಹೊರಟಿದ್ದೇನೆ ಎಂದು ತಿಳಿಯಬೇಡಿ. ಪಕ್ಷಿಧಾಮಗಳಲ್ಲಿ ದೊಡ್ಡ ಲೆನ್ಸಿನ ಗಂಡಸರ ಗುಂಪು ನಿಂತಿರುತ್ತದಲ್ಲ, ಅಲ್ಲಿ ನಮ್ಮ ಕ್ಯಾಮೆರಾ ಕಂಡೊಡನೆ ಒಂದು ತುಟಿಯಂಚಿನ ನಗೆ ಹರಿದಾಡುತ್ತದೆ. “ಮೇಡಂ, ಅದು ಆಟದ ಸಾಮಾನು” ಎಂದು ಮುಖಕ್ಕೇ ಹೇಳಿದವರೂ ಉಂಟು. ಅವರ ಆ ಲೆನ್ಸು ಒಂದೇ ಮೂರರಿಂದ ನಾಲ್ಕು ಕಿಲೋ ತೂಗುತ್ತದೆ, ಬೆಲೆ ಹಲವು ಲಕ್ಷ. ಅದನ್ನು ಹೊರಲು ಮುಕ್ಕಾಲಿ, ಮುಕ್ಕಾಲಿ ಹೊರಲು ಇನ್ನೊಬ್ಬರು. ನಮ್ಮ ಕ್ಯಾಮೆರಾ ಲೆನ್ಸೂ ಸೇರಿ ಒಂದು ಕಿಲೋಗೂ ಕಡಿಮೆ. ತರಕಾರಿ ಚೀಲದಲ್ಲಿ ಟವೆಲ್ ಸುತ್ತಿ ಇಟ್ಟುಕೊಂಡು ಬಸ್ಸಿನಲ್ಲಿ ಹೋಗಿಬರಬಹುದು. ಐವತ್ತು ದಾಟಿ ಭುಜ ನೋಯುವ ಹೆಂಗಸು, ಮನೆಯ ಲೆಕ್ಕದಲ್ಲಿ ಉಳಿಸಿದ ಹಣದಿಂದ ತನಗೆಂದು ಕೊಂಡ ಒಂದು ವಸ್ತುವಿನಿಂದ ಹೆಜ್ಜಾರ್ಲೆಯ ಕಣ್ಣು ನೋಡಬಲ್ಲಳು ಎಂದರೆ ಅದು ಆಟದ ಸಾಮಾನಲ್ಲ. ಹಕ್ಕಿ ನೋಡುವ ಹವ್ಯಾಸ ನಮ್ಮ ಹೆಂಗಸರ ಪಾಲಿಗೂ ಬಂದದ್ದರಲ್ಲಿ ಇಂಥ ಕ್ಯಾಮೆರಾದ್ದೂ ಒಂದು ಪಾಲಿದೆ.

ಇನ್ನೊಂದು ಪುಣ್ಯವನ್ನೂ ಅದರ ಖಾತೆಗೆ ಬರೆಯಬೇಕು. ದೂರದಲ್ಲಿ ನಿಂತೇ ಹಕ್ಕಿ ಕಾಣುವುದರಿಂದ ಗೂಡಿನ ಬಳಿಗೆ ನುಗ್ಗಬೇಕಾಗಿಲ್ಲ. ಗೂಡಿನ ಸುತ್ತಲಿನ ಎಲೆ ಕೊಂಬೆ ಸವರಿ, ಮರಿಗೆ ಬಿಸಿಲು ಬಡಿಸಿ ಫೋಟೋ ತೆಗೆದ ಕೆಟ್ಟ ಚಾಳಿಯಿಂದಾಗಿಯೇ ಈಗ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ. ಬಾಣಂತಿಯ ಕೋಣೆಗೆ ಹೇಳದೆ ಕೇಳದೆ ನುಗ್ಗಬಾರದೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲವಷ್ಟೆ.

ಚಂದ್ರನ ಮಾತೂ ಬರಲಿ. ಸೂರ್ಯನ ಬಿಸಿಲು ಬಿದ್ದ ಚಂದ್ರ ಬಹಳ ಪ್ರಕಾಶದ ವಸ್ತು. ಲೋಟ ತುಂಬಿ ತುಳುಕುವಷ್ಟು ಬೆಳಕು. ಅದಕ್ಕೇ ಸಣ್ಣ ಸೆನ್ಸರಿನ ಉದ್ದ ಜೂಮಿಗೆ ಚಂದ್ರನಷ್ಟು ಒಪ್ಪುವ ವಿಷಯ ಇನ್ನೊಂದಿಲ್ಲ. ಅದೂ ಹುಣ್ಣಿಮೆಗಿಂತ ಅಷ್ಟಮಿಯ ಚಂದ್ರ ಒಳ್ಳೆಯದು. ಓರೆಬಿಸಿಲಿನಲ್ಲಿ ಕುಳಿಗಳ ನೆರಳು ಬಿದ್ದು ಮೈಯೆಲ್ಲ ಉಬ್ಬುತಗ್ಗು ಕಾಣುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಅದನ್ನು ತೋರಿಸಿದಾಗ ಒಬ್ಬ ಹುಡುಗಿ “ಮಿಸ್, ಇದು ನಮ್ಮ ರಸ್ತೆ ಥರಾನೇ ಇದೆ” ಎಂದಳು. ಮೊಲ ಹೋಗಿ ಗುಂಡಿ ಬಂದರೂ ಬೆರಗು ಉಳಿಯಿತು.

ಹಾಗಾದರೆ ನನ್ನ ತಕರಾರು ಎಲ್ಲಿ? ಯಂತ್ರದಲ್ಲಿ ಅಲ್ಲ, ಅದರಿಂದ ನಾವು ಬಯಸುವ ಚಿತ್ರದಲ್ಲಿ. ನಾಲ್ಕು ಕಿಲೋದ ಲೆನ್ಸು ತೆಗೆಯುವ ಚಿತ್ರವನ್ನೇ ಈ ಪುಟ್ಟ ಕ್ಯಾಮೆರಾವೂ ತೆಗೆಯಲಿ ಎಂದು ಹಟ ಹಿಡಿದಿದ್ದೇವೆ. ದೊಡ್ಡ ಬಾಯಿಯ ಲೆನ್ಸು ಹಕ್ಕಿಯನ್ನು ಮಾತ್ರ ಚೂಪಾಗಿಸಿ ಹಿಂದಿನ ಕೊಂಬೆ, ಎಲೆ, ಆಕಾಶವನ್ನೆಲ್ಲ ಮಂಜಿನಂತೆ ಕರಗಿಸುತ್ತದೆ. ಹಸಿರು ಪರದೆ ಎಂದೆನಲ್ಲ, ಅದು ಹೀಗೆ ಹುಟ್ಟುವುದು. ಸಣ್ಣ ಬಾಯಿಯ ಲೆನ್ಸಿಗೆ ಈ ಕರಗಿಸುವ ಶಕ್ತಿ ಕಡಿಮೆ. ಹಕ್ಕಿಯ ಹಿಂದಿನ ಕೊಂಬೆ ಕೊಂಬೆಯಾಗಿಯೇ, ಗೋಡೆ ಗೋಡೆಯಾಗಿಯೇ ಸ್ವಲ್ಪಮಟ್ಟಿಗೆ ಉಳಿಯುತ್ತದೆ. ಇದನ್ನು ಎಲ್ಲರೂ ದೋಷವೆಂದು ಬಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಕೂತು ಹಿನ್ನೆಲೆಯನ್ನು ಅಳಿಸುತ್ತಾರೆ. ನನಗೆ ಅದೇ ಈ ಕ್ಯಾಮೆರಾದ ಗುಣವೆಂದು ತೋರುತ್ತದೆ. ಹಕ್ಕಿ ಎಲ್ಲಿ ಬದುಕುತ್ತದೆ ಎಂದು ಹೇಳುವ ಭಾಗ್ಯ ಅದಕ್ಕಿದೆ, ನಾವು ಬಾಯಿ ಮುಚ್ಚಿಸುತ್ತಿದ್ದೇವೆ.

ಕೊಕ್ಕರೆ ಬೆಳ್ಳೂರಿನ ಉದಾಹರಣೆ ಕೊಡುತ್ತೇನೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಈ ಊರಿಗೆ ಚಳಿಗಾಲ ಹಿಡಿಯುತ್ತಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಗೂಡು ಕಟ್ಟುತ್ತವೆ. ಎಲ್ಲಿ? ಕಾಡಿನಲ್ಲಲ್ಲ, ಊರ ನಡುವಿನ ಹುಣಸೆ, ಅತ್ತಿ, ಆಲದ ಮರಗಳಲ್ಲಿ, ಮನೆಗಳ ಹೆಂಚಿನ ನೆತ್ತಿಯ ಮೇಲೆ. ಕೆಳಗೆ ಅಂಗಳದಲ್ಲಿ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮೇಲೆ ಮರಿಗಳು ಕಿರುಚುತ್ತಿರುತ್ತವೆ. ಹೊಲಸು ಮೀನಿನ ವಾಸನೆ, ಬಿಳಿಬಿಳಿ ಹಿಕ್ಕೆ, ಎಲ್ಲವನ್ನೂ ಆ ಊರು ಸಹಿಸಿಕೊಂಡಿದೆ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡಿದೆ. ಗೂಡಿದ್ದ ಮರದ ಹುಣಸೆಹಣ್ಣನ್ನು ಬಡಿಯದೆ ಬಿಟ್ಟವರಿದ್ದಾರೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂದೇ ಊರವರು ಈ ಹಕ್ಕಿಗಳನ್ನು ಕರೆಯುವುದು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕುವ ಹೆಜ್ಜಾರ್ಲೆ ಬಳಗ ಎಂಬ ಯುವಕರ ತಂಡವೂ ಅಲ್ಲಿಯದೇ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಬೇಲಿ ಹಾಕಿ ಜನರನ್ನು ಹೊರಗಿಡುವ ಧಾಮ ಅದಲ್ಲ, ಜನ ಇರುವುದರಿಂದಲೇ ಧಾಮ.

ಈಗ ಆ ಊರಿನದೆಂದು ಓಡಾಡುವ ಚಿತ್ರಗಳನ್ನು ನೆನಪಿಸಿಕೊಳ್ಳಿ. ಹೆಜ್ಜಾರ್ಲೆಯ ಕೊಕ್ಕು, ಕೊಕ್ಕಿನ ಮೇಲಿನ ಚುಕ್ಕೆ, ಜೋಲುವ ಚೀಲ, ಒಂದು ಕಣ್ಣು. ಹಿಂದೆ ನೀಲಿ. ಅಷ್ಟೇ. ಇದನ್ನು ಮೃಗಾಲಯದಲ್ಲಿ ತೆಗೆದಿದ್ದರೂ ಹೀಗೆಯೇ ಬರುತ್ತಿತ್ತು. ಹುಣಸೆಮರ ಎಲ್ಲಿ? ಹೆಂಚು ಎಲ್ಲಿ? ಆ ಅಂಗಳ ಗುಡಿಸಿದ ಕೈ ಎಲ್ಲಿ? ಮಗಳನ್ನು ಮಾತ್ರ ಫೋಟೋ ತೆಗೆದು, ತವರನ್ನೇ ಕತ್ತರಿಸಿ ಎಸೆದ ಹಾಗಾಯಿತು. ಇದು ಬರೀ ಅಂದಚಂದದ ಪ್ರಶ್ನೆ ಅಲ್ಲ. ಇಂಥ ಚಿತ್ರ ನೋಡಿ ಬೆಳೆದ ಪಟ್ಟಣದ ಮಗುವಿಗೆ ಹಕ್ಕಿ ಎಂದರೆ ಮನುಷ್ಯರಿಲ್ಲದ ಎಲ್ಲೋ ಒಂದು ನೀಲಿಯಲ್ಲಿ ತೇಲುವ ಪ್ರಾಣಿ. ತನ್ನ ಬೀದಿಯ ಮರ ಕಡಿದರೆ ಹಕ್ಕಿಗೆ ಏನಾಗುತ್ತದೆ ಎಂದು ಅದಕ್ಕೆ ಹೊಳೆಯುವುದಾದರೂ ಹೇಗೆ? ಚಿತ್ರದಲ್ಲಿ ಮರವೇ ಇರಲಿಲ್ಲವಲ್ಲ!

ರಂಗನತಿಟ್ಟಿನಲ್ಲಿ ಇನ್ನೊಂದು ತಮಾಷೆ. 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಕಾವೇರಿಯ ಈ ನಡುಗಡ್ಡೆಗಳ ಹತ್ತಿರಕ್ಕೆ ದೋಣಿಯೇ ನಮ್ಮನ್ನು ಒಯ್ಯುತ್ತದೆ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ, ಪಕ್ಕದ ಬಂಡೆಯಲ್ಲಿ ನದಿ ರೀವ ಕೂತಿರುತ್ತದೆ, ಮೇಲಿನ ಕೊಂಬೆಗಳಲ್ಲಿ ಕೊಕ್ಕರೆಗಳ ಸಂಸಾರ. ಒಂದೇ ನೋಟದಲ್ಲಿ ಇಷ್ಟೆಲ್ಲ ಇರುವಾಗ ದೋಣಿಯ ತುಂಬ ಜೂಮು ಚಾಚುವ ಗಿರ್ ಗಿರ್ ಸದ್ದು. ದೋಣಿ ಅಲುಗುತ್ತದೆ, ಜೂಮು ಚಾಚಿದಷ್ಟೂ ಅಲುಗಾಟ ಹಿಗ್ಗುತ್ತದೆ, ಚಿತ್ರ ಕಲಸಿಹೋಗುತ್ತದೆ. ಕ್ಯಾಮೆರಾದೊಳಗಿನ ಅಲುಗಾಟ ತಡೆಯುವ ಸಾಧನ ನಮ್ಮ ಕೈ ನಡುಕವನ್ನು ಸುಮಾರಾಗಿ ಸುಧಾರಿಸೀತು. ರೆಕ್ಕೆ ಬಡಿಯುವ ಹಕ್ಕಿಯನ್ನು ನಿಲ್ಲಿಸಲಾರದು. ಜೂಮನ್ನು ಹಿಂದಕ್ಕೆ ಎಳೆದುಕೊಂಡವರಿಗೆ ಮೊಸಳೆ, ರೀವ, ಕೊಕ್ಕರೆ, ನೀರು ಎಲ್ಲ ಸಿಗುತ್ತದೆ. ಬೆಳಕೂ ಹೆಚ್ಚು ಸಿಗುತ್ತದೆ, ಯಾಕೆಂದರೆ ಈ ಲೆನ್ಸುಗಳು ಜೂಮ್ ಚಾಚಿದಂತೆಲ್ಲ ಸೆನ್ಸರಿಗೆ ಕೊಡುವ ಬೆಳಕಿನಲ್ಲಿ ಜಿಪುಣರಾಗುತ್ತವೆ.

ನಮ್ಮಲ್ಲಿ ಹೀಗೆ ಚಿತ್ರ ತೆಗೆದ ಹಿರಿಯರು ಇಲ್ಲದಿಲ್ಲ. ಸಂಡೂರಿನ ಎಂ. ವೈ. ಘೋರ್ಪಡೆಯವರ ಕಪ್ಪು ಬಿಳುಪಿನ ಚಿತ್ರಗಳಲ್ಲಿ ಪ್ರಾಣಿಯ ಜೊತೆಗೆ ಕಾಡೂ ಅದರ ಬೆಳಕೂ ಇರುತ್ತವೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದ ಸುತ್ತಮುತ್ತ ಹಕ್ಕಿಗಳಿಗಾಗಿ ಕಾದು ಕೂತವರು. ಅವರ ಬಳಿ ಉದ್ದ ಲೆನ್ಸು ಇರಲಿಲ್ಲವೆಂದಲ್ಲ. ಆದರೆ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ಬಂದು ಕೂರುತ್ತದೆ ಎಂದು ತಿಳಿಯುವ ತನಕ ಕಾಯುವುದು ಲೆನ್ಸಿಗಿಂತ ಮೊದಲು ಬೇಕಾದದ್ದು. ಆ ಕಾಯುವಿಕೆಗೆ ಬದಲಾಗಿ ನಾವು ಈಗ ಮಿಲಿಮೀಟರು ಕೊಳ್ಳುತ್ತಿದ್ದೇವೆ.

ಮಿಲಿಮೀಟರೂ ಸಾಲದಾದಾಗ ಯಂತ್ರವೇ ಚಿತ್ರ ಬರೆಯಲು ಕೂರುತ್ತದೆ. ಮೊಬೈಲಿನ ಸೆನ್ಸರ್ ತೀರಾ ಸಣ್ಣದು; ಆದರೂ 2020ರಿಂದ ಸ್ಯಾಮ್ಸಂಗ್ ತನ್ನ ಕೆಲವು ಫೋನುಗಳಿಗೆ ನೂರು ಪಟ್ಟು ಜೂಮ್ ಇದೆ ಎಂದು ಹೇಳಿಕೊಂಡಿತು. 2023ರಲ್ಲಿ ಒಬ್ಬ ಬಳಕೆದಾರ ಒಂದು ಕೆಲಸ ಮಾಡಿದ. ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲೆ ಇಟ್ಟು, ಕೋಣೆಯ ದೀಪ ಆರಿಸಿ, ದೂರದಿಂದ ಆ ಫೋನಿನಲ್ಲಿ ಫೋಟೋ ತೆಗೆದ. ಪರದೆಯ ಚಿತ್ರದಲ್ಲಿ ಇಲ್ಲದ ಕುಳಿಗಳು ಫೋನಿನ ಚಿತ್ರದಲ್ಲಿ ಮೂಡಿದವು! ಚಂದ್ರನನ್ನು ಗುರುತಿಸಿ, ಕೃತಕ ಬುದ್ಧಿಮತ್ತೆಯಿಂದ ವಿವರಗಳನ್ನು ಹೆಚ್ಚಿಸುವ ವ್ಯವಸ್ಥೆ ಫೋನಿನಲ್ಲಿದೆ ಎಂದು ಕಂಪನಿ ವಿವರಣೆ ಕೊಟ್ಟಿತು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದ ಹುಡುಗನಿಗೂ ಒಂದು ವಿವರಣೆ ಇದ್ದೇ ಇರುತ್ತದೆ. ಉತ್ತರ ಸರಿಯಿರಬಹುದು, ಅವನು ಕಂಡುಕೊಂಡದ್ದಲ್ಲ. ಅಷ್ಟಮಿಯ ರಾತ್ರಿ ನನ್ನ ಕ್ಯಾಮೆರಾದಲ್ಲಿ ಮೂಡುವ ಚಂದ್ರ ಅಷ್ಟು ಚೂಪಾಗಿ ಇಲ್ಲದಿರಬಹುದು, ಆದರೆ ಆ ರಾತ್ರಿ ಆಕಾಶದಿಂದ ಬಂದ ಬೆಳಕು ಅದು.

ಉತ್ತರಪತ್ರಿಕೆ ತಿದ್ದಿ ತಿದ್ದಿ ಬಂದ ಅಭ್ಯಾಸ. ಹಕ್ಕಿಯ ಚಿತ್ರಗಳಿಗೂ ನಾನು ಅಂಕ ಹಾಕುವುದುಂಟು. ಹಕ್ಕಿ ಎಷ್ಟು ದೊಡ್ಡದಾಗಿದೆ ಎಂಬುದಕ್ಕೆ ಅಂಕವಿಲ್ಲ, ಅದು ಕಂಪನಿಯವರ ಅಂಕ. ಇದು ಎಲ್ಲಿ ಎಂದು ಚಿತ್ರದಿಂದ ತಿಳಿಯುತ್ತದೆಯೇ? ಬೆಳಕು ಯಾವ ಕಡೆಯಿಂದ, ಯಾವ ಹೊತ್ತಿನದು? ಹಕ್ಕಿ ತನ್ನ ಕೆಲಸದಲ್ಲಿ ತೊಡಗಿದೆಯೋ, ಕತ್ತು ನಿಗುರಿಸಿ, ಹಾರಲು ತಯಾರಾಗಿ ನಮ್ಮನ್ನೇ ದಿಟ್ಟಿಸುತ್ತಿದೆಯೋ? ಹಾಗೆ ದಿಟ್ಟಿಸುತ್ತಿದ್ದರೆ ಅದು ನಮ್ಮ ಮೇಲಿನ ಪ್ರೀತಿಯಲ್ಲ, ಭಯ. ಕೊನೆಯದಾಗಿ, ಗರಿಯಲ್ಲಿ ಗರಿ ಉಳಿದಿದೆಯೇ, ಸವರಿ ಹೋಗಿದೆಯೇ? ಈ ನಾಲ್ಕು ಪ್ರಶ್ನೆ ಇಟ್ಟುಕೊಂಡು ನಿಮ್ಮ ಮೊಬೈಲಿಗೆ ಬಂದ ಚಿತ್ರಗಳನ್ನು ಒಮ್ಮೆ ನೋಡಿ. ಮೊದಲ ದರ್ಜೆಯಲ್ಲಿ ಪಾಸಾಗುವುದು ಬೆರಳೆಣಿಕೆಯಷ್ಟು. ಅವು ದೊಡ್ಡ ಕ್ಯಾಮೆರಾದವೇ ಆಗಿರಬೇಕೆಂದೇನಿಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಕ್ಯಾಮೆರಾ ಕೊಳ್ಳುವ ಯೋಚನೆಯಲ್ಲಿದ್ದರೆ ಧಾರಾಳವಾಗಿ ಕೊಳ್ಳಿ, ಯಾರ ನಗುವಿಗೂ ಹಿಂಜರಿಯಬೇಡಿ. ಅಂಗಡಿಯವರು 2000, 3000 ಎಂದಾಗ ಸೆನ್ಸರಿನ ಅಳತೆ ಎಷ್ಟು ಎಂದು ಒಂದು ಪ್ರಶ್ನೆ ಕೇಳಿ. ಬೆಳಗಿನ ಮೊದಲ ಎರಡು ಗಂಟೆಯಲ್ಲಿ ತೆಗೆಯಿರಿ, ಮೋಟುಗೋಡೆಗೋ ಮರಕ್ಕೋ ಕೈ ಆನಿಸಿಕೊಳ್ಳಿ. ಜೂಮ್ ಪೂರ್ತಿ ಚಾಚಿ ಹಕ್ಕಿಯ ಕಣ್ಣು ನೋಡಿ, ಬೇಕಾದರೆ ಒಂದು ಚಿತ್ರ ತೆಗೆದು ಗುರುತಿಗೆ ಇಟ್ಟುಕೊಳ್ಳಿ. ಆಮೇಲೆ ಅದೇ ಗುಂಡಿಯನ್ನು ಈ ಕಡೆಗೆ ತಿರುಗಿಸಿ. ಕೊಂಬೆ ಬರುತ್ತದೆ, ಮರ ಬರುತ್ತದೆ, ಮರದ ಕೆಳಗಿನ ಮನೆ ಬರುತ್ತದೆ, ಅದೃಷ್ಟವಿದ್ದರೆ ಮನೆಯಾಕೆಯೂ ಬಾಗಿಲಿಗೆ ಬರುತ್ತಾಳೆ. ಅವಳನ್ನು ಒಂದು ಮಾತು ಕೇಳಿ, ಒಪ್ಪಿದರೆ ಎರಡನೆಯ ಚಿತ್ರ ತೆಗೆಯಿರಿ. ಗೋಡೆಗೆ ಹಾಕುವಾಗ ಆ ಎರಡನೆಯದನ್ನು ಹಾಕಿ.